ಮಹಡಿ ಮೇಲಿನ ವಾಲ್ಟ್ಸ್

ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾದರೂ ಹೆಂಡತಿ ಕಿಟಕಿ ಬಿಟ್ಟು ಕದಲಲಿಲ್ಲ. ಬೀಗ ರಿಪೇರಿಯವನ ನೆಮ್ಮದಿ ಕೆಟ್ಟದ್ದು ಅಲ್ಲಿಂದ.

ಮಹಡಿಯ ಕೋಣೆಗೆ ಹೊಸದಾಗಿ ಬಂದಿದ್ದ ದನದ ಆಸ್ಪತ್ರೆಯ ಕಂಪೌಂಡರ್ ತಗಡಿನ ಪೀಪಿಯಲ್ಲಿ ಏನನ್ನೋ ಊದುತ್ತಿದ್ದ. ಉಯ್ಯಾಲೆಯ ಹಾಗೆ ಹೋಗಿ ಬಂದು, ಹೋಗಿ ಬಂದು, ಮತ್ತೆ ಮೊದಲಿಗೇ ಮರಳುವ ರಾಗ.

"ಏನ್ ಚೆನ್ನಾಗಿ ಊದ್ತಾರೆ ರೀ! ಯಾವ ಹಾಡಿರಬಹುದು?"

"ಹಸುವಿಗೆ ಸೂಜಿ ಚುಚ್ಚೋಕೆ ಮುಂಚೆ ಊದೋ ಹಾಡು."

"ನಿಮಗೇನು ಗೊತ್ತು ಬಿಡಿ, ಬೀಗ ಒಂದು ಬಿಟ್ಟು."

ಒಲೆಯಲ್ಲಿದ್ದ ಬೆಂಕಿ ಬೀಗದವನ ಹೊಟ್ಟೆಗೆ ಬಂತು. ಆ ಹಾಡು ಯಾವುದೆಂದು ಪತ್ತೆ ಮಾಡಿ, ಕಲಿತು, ಸಂಜೆಯೊಳಗೆ ಆ ಕಂಪೌಂಡರನ ಸೊಕ್ಕು ಮುರಿಯದಿದ್ದರೆ ತಾನು ಗಂಡಸೇ ಅಲ್ಲ ಎಂದುಕೊಂಡ. ಶಾಲೆಯ ಬ್ಯಾಂಡಿನಲ್ಲಿ ಪೀಪಿ ಊದಿ ಮೆಚ್ಚುಗೆ ಪಡೆದಿದ್ದ ಬೆರಳುಗಳು ಅವನವು!

ತುಂಬಿದ ಕೊಡ ಹೊತ್ತವನಂತೆ, ತುಳುಕದ ಹಾಗೆ ರಾಗವನ್ನು ಗುನುಗುತ್ತ ಅಂಗಡಿಗೆ ಹೊರಟ. ಮೂಲೆ ಮನೆಯ ಮೇಷ್ಟ್ರು ಅಡ್ಡ ಬಂದರು.

"ನಿಲ್ಲಯ್ಯ! ಅದು ಕವಾಯತಿನ ಹಾಡಲ್ವೇ? ಲೆಫ್ಟ್, ರೈಟ್! ಲೆಫ್ಟ್, ರೈಟ್!"

"ನಿಮ್ಮ ಕಿವಿಗಿಷ್ಟು! ಅದು ಜೋಗುಳ," ಎಂದಳು ಎದುರು ಮನೆಯ ದರ್ಜಿಯ ಹೆಂಡತಿ, ಬಟ್ಟೆ ಒಣಹಾಕುತ್ತ.

ಇಬ್ಬರೂ ಪಟ್ಟು ಬಿಡದೆ ತಮ್ಮ ತಮ್ಮ ಹಾಡು ಹಾಡಿದರು. ಬೀಗದವನು ತಪ್ಪಿಸಿಕೊಂಡು ಅಂಗಡಿ ಸೇರುವ ಹೊತ್ತಿಗೆ ರಾಗದ ಒಂದು ಕಾಲು ಮೈದಾನದಲ್ಲಿತ್ತು, ಇನ್ನೊಂದು ತೊಟ್ಟಿಲಲ್ಲಿ. ಅದನ್ನು ಹಾದಿಗೆ ತರಲು ಅರದಿಂದಲೇ ತಾಳ ಹಾಕುತ್ತ ಗಿರಾಕಿಯೊಬ್ಬನ ಕೀಲಿ ಉಜ್ಜಿದ. ಉಜ್ಜಿದ್ದು ಕೊಂಚ ಜಾಸ್ತಿಯಾಯಿತು.

"ಇದೇನು ಕೀಲಿಯೋ, ಬಾಚಣಿಗೆಯೋ?" ಎಂದು ಗಿರಾಕಿ ಕೂಗಾಡಿದ.

ಬೀಗದವನು ಶಟರ್ ಎಳೆದು ನೇರವಾಗಿ ವಾದ್ಯದಂಗಡಿಗೆ ಓಡಿದ. ಅಲ್ಲಿನ ಯಜಮಾನಿ ಕಣ್ಣು ಮುಚ್ಚಿ ಅವನ ಗುನುಗು ಕೇಳಿದಳು. ಬೆರಳಿನಿಂದ ಮೇಜು ಕುಟ್ಟಿದಳು.

"ಒಂದು-ಎರಡು-ಮೂರು, ಒಂದು-ಎರಡು-ಮೂರು... ವಾಲ್ಟ್ಸ್ ಕಣ್ರೀ ಇದು! ಯುರೋಪಿನ ಹಳೇ ಕುಣಿತ. ಗಂಡು ಹೆಣ್ಣು ಜೋಡಿಯಾಗಿ ಸೊಂಟ ಹಿಡ್ಕೊಂಡು ಸುತ್ತೋದು."

ಸೊಂಟದ ಮಾತು ಕೇಳಿದ್ದೇ ಹೊಟ್ಟೆಯ ಉರಿ ಗಂಟಲಿಗೇರಿತು.

"ಕೊಡಿ ಒಂದು ಪೀಪಿ! ಈಗಲೇ ಕಲಿಸಿ!"

ಮೊದಲ ಸಲ ಊದಿದಾಗ ಬೆಕ್ಕಿನ ಬಾಲ ತುಳಿದಂಥ ಸದ್ದು ಬಂತು. "ಮೆಲ್ಲಗೆ ರೀ, ಸೌದೆ ಒಲೆ ಊದ್ತಿದೀರಾ?" ಎಂದು ಬೈದಳು. ಅಂಗಡಿಗೆ ಬಂದವರು ಬಾಗಿಲಿನಿಂದಲೇ ಹಿಂದಿರುಗಿದರು. ಆದರೂ ಬೆರಳುಗಳಿಗೆ ಹಳೆಯ ನೆನಪು ಮರಳಿತು. ಅವನು ಗುನುಗಿದ್ದು ಅರ್ಧ ಹಾಡು ಮಾತ್ರ, ಮೇಲಿನ ಸ್ವರದಲ್ಲಿ ಇನ್ನರ್ಧವಿದೆ ಎಂದು ಆಕೆ ಅದನ್ನೂ ಕಲಿಸಿದಳು. ಊದಿ ಊದಿ ತುಟಿ ಬದನೆಕಾಯಿಯಂತಾಯಿತು.

ಸಂಜೆ ಮಹಡಿಯಲ್ಲಿ ಪೀಪಿ ಶುರುವಾಗುತ್ತಲೇ ಬೀಗದವನು ಕೆಳಗಿನ ಕಿಟಕಿಯಲ್ಲಿ ನಿಂತು ತನ್ನದನ್ನು ಎತ್ತಿದ. ಮೊದಲರ್ಧ ಮುಗಿಸಿ, ಹಕ್ಕಿ ಹಾರಿದಂತೆ ಮೇಲಿನರ್ಧಕ್ಕೆ ಏರಿದ. ಮಹಡಿಯ ಪೀಪಿ ಬಾಯಿ ಮುಚ್ಚಿತು. ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು.

"ನೀವೇನ್ರೀ? ನೀವೇನಾ?"

ಬೀಗದವನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡಬಡ ಸದ್ದು. ಬಾಗಿಲಲ್ಲಿ ಕಂಪೌಂಡರ್, ಕೈಯಲ್ಲಿ ಪೀಪಿ.

"ಅಂಕಲ್! ಆ ಇನ್ನರ್ಧಕ್ಕಾಗಿ ಎಷ್ಟು ವರ್ಷದಿಂದ ಹುಡುಕ್ತಿದ್ದೆ! ನಮ್ಮ ತಾತ ಅರ್ಧ ಕಲಿಸಿ ತೀರಿಕೊಂಡ್ರು. ದಿನಾ ಕೆಲಸ ಬಿಟ್ಟ ತಕ್ಷಣ ಬರ್ತೀನಿ, ಕಲಿಸಿಕೊಡಿ. ಮೇಡಂ, ನೀವಾದ್ರೂ ಹೇಳಿ."

ತಾನು ಅಂಕಲ್, ಇವಳು ಮೇಡಂ! "ಆಗಲ್ಲಪ್ಪ," ಎಂದ ಬೀಗದವನು ಬಿರುಸಾಗಿ. "ನಾನು ಅಂಗಡಿ ಮುಚ್ಚಿ ಬರೋದು ತಡ ಆಗುತ್ತೆ."

"ಪರವಾಗಿಲ್ಲ ಅಂಕಲ್, ಕಾಯ್ತೀನಿ."

"ಅಯ್ಯೋ, ಮೇಲೆ ಒಬ್ಬರೇ ಕೂತು ಯಾಕೆ ಕಾಯ್ತೀರಿ?" ಎಂದಳು ಹೆಂಡತಿ, ಅವನಿಗೆ ಕುರ್ಚಿ ಎಳೆದು ಹಾಕುತ್ತ. "ಇವರು ಬರೋವರೆಗೂ ಇಲ್ಲೇ ಇರಿ. ಅಷ್ಟರಲ್ಲಿ ನಿಮಗೆ ಬರೋ ಅರ್ಧ ನಾನು ಕಲೀತೀನಿ!"