ಏಳನೇ ನಿಯಮ, ಅತ್ತೆ ಮತ್ತು ಹಾಡುಹಕ್ಕಿ

ಹದಿನೈದು ತಿಂಗಳು ದೇಶದ ಗಡಿ ಮುಚ್ಚಿದ್ದಕ್ಕೆ ಇಡೀ ಅನಾಬಾ ಊರು ಸರ್ಕಾರಕ್ಕೆ ಹಿಡಿಶಾಪ ಹಾಕುತ್ತಿದ್ದಾಗ, ಒಳಗೊಳಗೇ ಸರ್ಕಾರಕ್ಕೆ ದೀರ್ಘಾಯುಷ್ಯ ಕೋರುತ್ತಿದ್ದ ಪ್ರಾಣಿ ಒಂದೇ ಒಂದು. ಅದು ಅಂಚೆ ಕಚೇರಿಯಿಂದ ನಿವೃತ್ತನಾದ ನಮ್ಮ ಮೆಸಾವುದ್. ಅವನ ಮನೆಯಲ್ಲೇ ಇರುವ ಅತ್ತೆ ಹಾಜ್ಜಾ ಉಮ್ಮೆಹಾನಿಯವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಇಪ್ಪತ್ತು ದಿನಕ್ಕೆಂದು ಕಡಲಾಚೆಯ ಮಾರ್ಸೆ ಪಟ್ಟಣದಲ್ಲಿರುವ ಮಗನ ಮನೆಗೆ ಹೋಗಿದ್ದರು. ಅಷ್ಟರಲ್ಲಿ ಮಹಾಮಾರಿ ಬಂತು, ವಿಮಾನಗಳು ನಿಂತವು, ಹಾಜ್ಜಾ ಅಲ್ಲೇ ಸಿಕ್ಕಿಕೊಂಡರು.

ಹಾಜ್ಜಾ ಕೆಟ್ಟವರೇನಲ್ಲ. ಆದರೆ ಸೀನುತ್ತಾರೆ. ಒಮ್ಮೆ ಶುರುವಾದರೆ ಏಳು. ಮೊದಲನೆಯದಕ್ಕೆ ಕಿಟಕಿಯ ಗಾಜು ನಡುಗುತ್ತದೆ, ಏಳನೆಯದಕ್ಕೆ ಕೆಳಮನೆಯವರು ಅಲ್ಲಿಂದಲೇ ಆಯುರಾರೋಗ್ಯ ಹಾರೈಸುತ್ತಾರೆ. (ಇದು ಉತ್ಪ್ರೇಕ್ಷೆಯಲ್ಲ. ಕೆಳಮನೆಯವರನ್ನೇ ಕೇಳಬಹುದು.)

ಮನುಷ್ಯರು ಇದನ್ನು ಸಹಿಸಿಕೊಂಡಾರು. ಆದರೆ ಮೆಸಾವುದನ ಬಾಲ್ಕನಿಯಲ್ಲಿ ಸುಲ್ತಾನನಿದ್ದ. ಸುಲ್ತಾನ ಎಂದರೆ ಕೆಂಪು ಮೋರೆಯ, ರೆಕ್ಕೆಯಲ್ಲಿ ಹಳದಿ ಪಟ್ಟಿಯ, ಹಿಡಿಯಲ್ಲಿ ಅಡಗುವಷ್ಟು ಪುಟ್ಟ ಮೆಕ್ನೀನ್ ಹಕ್ಕಿ. ಈ ಜಾತಿಯ ಹಕ್ಕಿ ಎಳೆಯದಿದ್ದಾಗ ಕಿವಿಗೆ ಬಿದ್ದದ್ದನ್ನೇ ಕಲಿತು ಹಾಡುತ್ತದೆ. ಅದರಲ್ಲಿ ಒಂದು ಅಪಸ್ವರ ನುಸುಳಿದರೂ ಮುಗಿಯಿತು, ಸ್ಪರ್ಧೆಯಿಂದ ಔಟ್. ಸಿ ರಾಬಹನ ಕಾಫಿ ಅಂಗಡಿಯಲ್ಲಿ ನಡೆಯುವ ಹಕ್ಕಿಗಳ ಹಾಡಿನ ಸ್ಪರ್ಧೆಯಲ್ಲಿ ಮೆಸಾವುದ್ ಹನ್ನೊಂದು ಸಲ ಕ್ಷೌರಿಕ ಲಮೀನನ ಎದುರು ಸೋತಿದ್ದ. ಪ್ರತಿ ಸಲವೂ ಲಮೀನ್ ಅವನ ಭುಜ ತಟ್ಟಿ, "ಇರ್ಲಿ ಬಿಡು, ಮುಂದಿನ ಸಲ" ಅನ್ನುತ್ತಿದ್ದ. ಸೋಲನ್ನಾದರೂ ಮರೆಯಬಹುದಿತ್ತು, ಆ ಭುಜ ತಟ್ಟುವಿಕೆ ಇವನ ನಿದ್ದೆ ಕೆಡಿಸಿತ್ತು.

ಹಾಗಾಗಿ ಈ ಸಲ ಎಳೆಯ ಸುಲ್ತಾನನ ಪಂಜರಕ್ಕೆ ಬಿಳಿ ಬಟ್ಟೆ ಹೊದಿಸಿ, ಬೆಳಿಗ್ಗೆ ಸಂಜೆ ಉಸ್ತಾದ ಹಕ್ಕಿಯೊಂದರ ಹಾಡನ್ನು ಮೊಬೈಲಿನಲ್ಲಿ ಕೇಳಿಸುತ್ತಿದ್ದ. ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಹೆಂಡತಿ ಹೂರಿಯಾ ಕುಕ್ಕರನ್ನು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂಗಿಸಬೇಕು.

ಇದರ ಜೊತೆಗೆ ಅವನ ಹತ್ತಿರ ಒಂದು ನೋಟುಬುಕ್ಕಿತ್ತು. ವಾರಕ್ಕೊಮ್ಮೆ ಬದಲಾಗುತ್ತಿದ್ದ ಪ್ರವೇಶ ನಿಯಮಗಳನ್ನೆಲ್ಲ ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟು, ಮಾರ್ಸೆಗೆ ಫೋನು ಮಾಡಿ ಶೋಕಗಂಭೀರ ಸ್ವರದಲ್ಲಿ ಓದುತ್ತಿದ್ದ.

"ಏನ್ ಮಾಡೋದು ಹಾಜ್ಜಾ, ಹೋದ ವಾರ ಎಪ್ಪತ್ತೆರಡು ಗಂಟೆ ಒಳಗಿನ ಪರೀಕ್ಷೆ ಚೀಟಿ ಸಾಕಿತ್ತು. ಈಗ ಮೂವತ್ತಾರು ಅಂತೆ. ನಂಗಂತೂ ಹೊಟ್ಟೆ ಉರೀತದೆ."

"ನಗ್ತಾ ಇದೀಯೇನಪ್ಪಾ?"

"ಛೆ ಛೆ, ಕೆಮ್ಮು."

"ಕೆಮ್ಮಾದ್ರೆ ಪರೀಕ್ಷೆ ನೀನೇ ಮಾಡಿಸ್ಕೋ."

ಆದರೆ ಒಂದು ಬೆಳಿಗ್ಗೆ ಹೂರಿಯಾ ಮುಖವರಳಿಸಿಕೊಂಡು ಬಂದಳು. "ರೀ, ಅಮ್ಮನಿಗೆ ಟಿಕೆಟ್ ಸಿಕ್ತು! ಮಂಗಳವಾರ ಬರ್ತಾರೆ."

ಸ್ಪರ್ಧೆಗೆ ಉಳಿದದ್ದು ಎರಡೇ ವಾರ. ಗಡಿಬಿಡಿಯಿಂದ ನೋಟುಬುಕ್ಕು ತಿರುವಿದ ಮೆಸಾವುದನ ಮುಖ ಆರನೇ ನಿಯಮಕ್ಕೆ ಬಂದಾಗ ಹುಣ್ಣಿಮೆಯ ಚಂದ್ರನಂತಾಯಿತು. ಎಪ್ಪತ್ತು ದಾಟಿದವರು ಮನೆಯ ಒಂದೇ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಹತ್ತು ದಿನ ಇರತಕ್ಕದ್ದು!

"ಹಿಂದಿನ ಕೋಣೆ ಅವರಿಗೆ. ಅಲ್ಲಿಂದ ಬಾಲ್ಕನಿಗೆ ಮೂರು ಬಾಗಿಲು. ಸೀನಿದ್ರೂ ಸುಲ್ತಾನನಿಗೆ ಕೇಳಿಸಲ್ಲ" ಎಂದ.

"ಹದಿನೈದು ತಿಂಗಳಾದ್ಮೇಲೆ ಬರ್ತಿರೋದು ನಮ್ಮಮ್ಮ ಕಣ್ರೀ, ಕಳ್ಳಸಾಗಣೆ ಮಾಲಲ್ಲ!"

"ಕಾನೂನು ನಾನು ಮಾಡಿದ್ದಾ?"

ಉಳಿದದ್ದು ಒಂದೇ ಭಯ. ಹಾಜ್ಜಾ ಬಂದರೆಂದು ತಿಳಿದರೆ ಹೂರಿಯಾಳ ನಾಲ್ವರು ಚಿಕ್ಕಮ್ಮಂದಿರು ದಂಡೆತ್ತಿ ಬಂದು, ಅಪ್ಪಿ, ಅತ್ತು, ಹಾಡಿ ಮನೆ ಎಬ್ಬಿಸುತ್ತಾರೆ. ಅದಕ್ಕೂ ಏಳನೇ ನಿಯಮದಲ್ಲಿ ಮದ್ದಿತ್ತು.

ಮಂಗಳವಾರ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಮೇಜು ಹಾಕಿಕೊಂಡು ಆರೋಗ್ಯಾಧಿಕಾರಿಣಿ ಕೂತಿದ್ದರು. ಮೆಸಾವುದ್ ಒಬ್ಬನೇ ಹೋಗಿದ್ದ.

"ಹತ್ತು ದಿನ ಕೋಣೆಯಲ್ಲಿರ್ಲಿ, ಸಾಕು" ಎಂದರು ಆಕೆ.

"ಸಾಕಾಗಲ್ಲ ಮೇಡಂ" ಎಂದು ಮೆಸಾವುದ್ ನೋಟುಬುಕ್ಕು ಬಿಚ್ಚಿದ. "ಏಳನೇದು ಮರೆತ್ರಿ. ಬಂದವರನ್ನ ಯಾರು ಮುಟ್ಟುತ್ತಾರೋ ಅವರೂ ಅದೇ ಕೋಣೆಯಲ್ಲಿ ಹತ್ತು ದಿನ ಇರ್ಬೇಕು. ದಯವಿಟ್ಟು ಚೀಟಿಯಲ್ಲಿ ಬರ್ದು ಮುದ್ರೆ ಒತ್ತಿ. ಬಾಗಿಲಿಗೆ ಅಂಟಿಸ್ತೀನಿ."

ಆಕೆ ತಮ್ಮ ಕಾಗದ ಹುಡುಕಿ ನೋಡಿದರು. "ಹೌದಲ್ಲ! ನಿಮ್ಮಂಥ ನಾಗರಿಕರು ಊರಿಗೊಬ್ಬರಿದ್ರೆ ಸಾಕು ಸರ್." ಮುದ್ರೆ ಠಪ್ಪೆಂದು ಬಿತ್ತು. ಮೆಸಾವುದನ ಎದೆ ಉಬ್ಬಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಬಿಳಿ ಶಾಲು ಹೊದ್ದ ಹಾಜ್ಜಾ ಹೊರಬಂದರು. ಮೊದಲಿಗಿಂತ ಅರ್ಧಕ್ಕರ್ಧ ಸೊರಗಿದ್ದರು. ಅವನನ್ನು ಕಂಡದ್ದೇ ಪೆಟ್ಟಿಗೆ ಅಲ್ಲೇ ಬಿಟ್ಟು ಅಳತೊಡಗಿದರು. "ಮೆಸಾವುದ್, ನನ್ನ ಮಣ್ಣು ಆ ಪರದೇಶದಲ್ಲೇ ಅಂದ್ಕೊಂಡಿದ್ದೆ ಕಣೋ."

ಸುಳ್ಳೇಕೆ ಹೇಳಬೇಕು, ಮೆಸಾವುದನ ಕರುಳು ಚುರ್ರೆಂದಿತು. ದೂರದಿಂದ ಬಂದ ಹಿರಿಯರ ಹಣೆಗೆ ಮುತ್ತಿಡಬೇಕೆಂದು ಅವನಿಗೆ ನಡೆಯಲು ಬಂದಾಗಿನಿಂದ ಕಲಿಸಿದ್ದರು. ಬುದ್ಧಿ ಏಳನೇ ನಿಯಮವನ್ನು ನೆನಪಿಸುವ ಮೊದಲೇ ಸೊಂಟ ಬಾಗಿತ್ತು. ಹಣೆಗೆ ಒಂದು ಮುತ್ತು. ಹಾಜ್ಜಾ ಬಿಟ್ಟಾರೆಯೇ? ಎರಡೂ ಕೆನ್ನೆಗೆ ಸೇರಿಸಿ ನಾಲ್ಕು.

ತಿರುಗಿ ನೋಡಿದರೆ ಅಧಿಕಾರಿಣಿ ಚೀಟಿಯಲ್ಲಿ ಏನೋ ಬರೆಯುತ್ತಿದ್ದರು.

"ಸರ್, ನಿಮ್ಮ ಪೂರ್ತಿ ಹೆಸರು?"

ಹೀಗೆ ಮೆಸಾವುದ್ ಹತ್ತು ದಿನ ಹಿಂದಿನ ಕೋಣೆಯಲ್ಲಿ ಅತ್ತೆಯ ಜೊತೆ ಬಂದಿಯಾದ. ಹೂರಿಯಾ ಊಟದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು, ಬಾಗಿಲು ತಟ್ಟಿ ಓಡುತ್ತಿದ್ದಳು. ಸುಲ್ತಾನನ ಕಾಳು, ನೀರು, ಪಾಠ ಎಲ್ಲ ಅವಳ ಪಾಲಿಗೆ ಬಂತು. ಮೆಸಾವುದನ ಏಕೈಕ ಸಮಸ್ಯೆ ಕಾಫಿ. ದಿನಕ್ಕೆ ಎಂಟು ಸಲ ಬೇಕು. ಕೂಗಿ ಕರೆದರೆ ತನ್ನ ಒಡಕು ದನಿಗೆ ಹಕ್ಕಿ ಕೆಡುತ್ತದೆ. ಅದಕ್ಕೇ ನಾಜೂಕಾದ ಉಪಾಯ ಮಾಡಿದ. ಬಾಗಿಲ ಸಂದಿಗೆ ಬಾಯಿಟ್ಟು, ಅಂಗಡಿಯಲ್ಲಿ ಸಿ ರಾಬಹನಿಂದ ಕಾಫಿ ತರಿಸಲು ಹೊಡೆಯುತ್ತಿದ್ದ ಅದೇ ಸಿಳ್ಳೆ: ಎರಡು ಗಿಡ್ಡ, ಒಂದು ಉದ್ದ.

"ಆ ಸಿಳ್ಳೆ ಬೇಡ ಕಣಪ್ಪಾ, ಹಕ್ಕಿ ಕೇಳ್ತದೆ" ಎಂದರು ಹಾಜ್ಜಾ ಮೂರನೇ ದಿನ.

"ಹಕ್ಕಿ ವಿಷಯ ನಿಮಗೇನ್ ಗೊತ್ತಾಗತ್ತೆ ಹಾಜ್ಜಾ? ನೀವು ಸೀನದೇ ಇದ್ರೆ ಅದೇ ದೊಡ್ಡ ಉಪಕಾರ."

ಅಂದಿನಿಂದ ಹಾಜ್ಜಾ ಮೂಗು ಕೆರೆದಾಗಲೆಲ್ಲ ದಿಂಬಿಗೆ ಮುಖ ಒತ್ತಿಕೊಂಡರು.

ಹನ್ನೆರಡನೇ ದಿನ ಸ್ಪರ್ಧೆ. ಬಟ್ಟೆ ಸರಿಸಿದೊಡನೆ ಸುಲ್ತಾನ ಕೊರಳೆತ್ತಿದ. ಅಂಗಡಿಯಲ್ಲಿ ಲೋಟದ ಸದ್ದೂ ನಿಂತಿತು. ಲಮೀನನ ಮುಖ ಬಾಡಿತು. ಮೆಸಾವುದನ ಕಣ್ಣು ತುಂಬಿತು. ಇನ್ನೇನು ಕೊನೆಯ ಏರು ಸ್ವರ ಬರಬೇಕು, ಆಗ ಬಂತು: ಎರಡು ಗಿಡ್ಡ, ಒಂದು ಉದ್ದ.

"ಬಂದೆ ಬಂದೆ!" ಎಂದು ಸಿ ರಾಬಹ್ ಅಭ್ಯಾಸಬಲದಿಂದ ಕಾಫಿ ಹಿಡಿದು ಓಡಿಬಂದ. ಅಂಗಡಿ ನಕ್ಕು ನಕ್ಕು ಸುಸ್ತಾಯಿತು. ಲಮೀನ್ ಎದ್ದು ಬಂದು ಹನ್ನೆರಡನೇ ಸಲ ಭುಜ ತಟ್ಟಿದ.

ಮನೆಗೆ ಬಂದಾಗ ಹಾಜ್ಜಾ ಕೂಡಿಟ್ಟ ಸೀನುಗಳನ್ನೆಲ್ಲ ಬಾಲ್ಕನಿಯಲ್ಲಿ ನಿಂತು ಧಾರಾಳವಾಗಿ ಖಾಲಿ ಮಾಡುತ್ತಿದ್ದರು. ಸುದ್ದಿ ಕೇಳಿ ಹೂರಿಯಾ ಸೊಂಟಕ್ಕೆ ಕೈಯಿಟ್ಟಳು. "ಹತ್ತು ದಿನ ಆ ಸಿಳ್ಳೆಗೆ ಓಡಿ ಓಡಿ ನನ್ನ ಕಾಲು ಬಿದ್ದೋಯ್ತು. ಕಲಿಸಿದವರು ನೀವು. ಇನ್ಮೇಲೆ ಅದು ಸಿಳ್ಳೆ ಹೊಡೆದಾಗೆಲ್ಲ ಕಾಫಿ ಮಾಡೋರೂ ನೀವೇ."

ಅಂದಿನಿಂದ ಸಿಳ್ಳೆ ಕೇಳಿದರೆ ಮೆಸಾವುದ್ ಎದ್ದು ಅಡುಗೆಮನೆಗೆ ನಡೆಯುತ್ತಾನೆ. ಮೊನ್ನೆಯೂ ಹಾಗೇ ಕಾಫಿ ಮಾಡಿ ಬಾಲ್ಕನಿಗೆ ತಂದ. ನೋಡಿದರೆ ಸುಲ್ತಾನ ರೆಕ್ಕೆಯೊಳಗೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದ. ಪಕ್ಕದ ಕುರ್ಚಿಯಲ್ಲಿ ಹಾಜ್ಜಾ ಮತ್ತೊಮ್ಮೆ ಚೂಪು ಮಾಡಿದ್ದ ತುಟಿಯನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡು, ಪೊರೆ ತೆಗೆಸಿದ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದರು.

"ಸಕ್ಕರೆ ಇನ್ನೊಂದು ಚಮಚ ಹಾಕಪ್ಪಾ" ಎಂದರು.