ಮೂರಾಳು ಎತ್ತಿದ ಬೂಸಾ

ಮಗಳ ಮದುವೆಯಲ್ಲಿ ಬೆಲ್ಲದ ಅಡುಗೆ ಬಡಿಸಿದರೆ ಎಲೆ ಬಿಟ್ಟು ಏಳುತ್ತೇವೆಂದು ಬೀಗರು ಹೇಳಿಕಳಿಸಿದ್ದರು. ಯುದ್ಧದ ಕಾಲ, ನಿಜಾಮರ ಸೀಮೆಯಲ್ಲಿ ಸಕ್ಕರೆ ಕಣ್ಣಿಗೆ ಹಚ್ಚಿಕೊಳ್ಳಲೂ ಸಿಗುತ್ತಿರಲಿಲ್ಲ. ಮಸ್ಕಿಯ ಹುಸೇನಪ್ಪ ಹೆಂಡತಿಯ ಬೋರಮಾಳ ಸರ ಮಾರಿ, ತುಂಗಭದ್ರೆಯ ಆಚೆ ದಂಡೆಯಲ್ಲಿ ಒಂದು ಚೀಲ ಸಕ್ಕರೆ ಕೊಂಡು, ಮೇಲೆ ಕೆಳಗೆ ಬೂಸಾ ತುಂಬಿ ಹೊಲಿದು, ಗಿಡ್ಡಪ್ಪನ ಹರಗೋಲು ಹತ್ತಿದ. ಈಚೆ ದಂಡೆಯ ನಾಕಾದಲ್ಲಿ ಸುಂಕದ ಅಮೀನ್‌ಸಾಬ್ ಕೂತಿರುತ್ತಿದ್ದ. ಕದ್ದು ಸಾಗಿಸಿದ ಸಕ್ಕರೆ ಸಿಕ್ಕರೆ ಲಿಂಗಸುಗೂರಿನ ಜೇಲು. ಬೂಸಾಕ್ಕೆ ತಕರಾರಿಲ್ಲ.

ಮೇಲೆಲ್ಲೋ ಮಳೆಯಾಗಿತ್ತು. ನಡುಹೊಳೆಯಲ್ಲಿ ಹರಗೋಲು ಬುಗುರಿಯಂತೆ ತಿರುಗಿ ನೀರು ಒಳಗೆ ನುಗ್ಗಿತು.

"ಭಾರದ್ದು ಒಂದು ಒಗೀರಿ, ಇಲ್ಲಾಂದ್ರ ಎಲ್ಲಾರೂ ಮುಳಗತೀವಿ" ಎಂದ ಗಿಡ್ಡಪ್ಪ.

ಸಂತೆಕಲ್ಲೂರಿನ ಖಾದರಬಾಷಾ ತಾನೂ ಬೂಸಾದ ಚೀಲ ತಂದಿದ್ದ. ಆದರೆ ಅವನ ಕೈ ಹೋದದ್ದು ಹುಸೇನಪ್ಪನ ಚೀಲಕ್ಕೆ. ಎತ್ತಲು ಮೂವರು ಬೇಕಾದರು.

"ಏನೋ ಅಣ್ಣ, ಹೆಣದಂಗ ಐತಲ್ಲ ನಿನ್ನ ಬೂಸಾ" ಎಂದ ಖಾದರಬಾಷಾ.

"ತೊಯ್ದೈತಿ" ಎಂದ ಹುಸೇನಪ್ಪ.

ಚೀಲ ಮುಳುಗಿತು, ಹರಗೋಲು ತೇಲಿತು. ಎಲ್ಲರೂ ದೇವರನ್ನು ನೆನೆದರು. ಹುಸೇನಪ್ಪ ಮಾತ್ರ ಹೊಳೆ ಸಿಹಿಯಾಗುತ್ತಿದ್ದ ಜಾಗವನ್ನೇ ನೋಡುತ್ತ ಕೂತ.

ಹರಗೋಲು ಉಳಿಸಲು ಯಾರ ಸರಕು ಹೊಳೆಗೆ ಬಿದ್ದರೂ ಉಳಿದವರೆಲ್ಲ ಪಾಲು ಹಾಕಿ ತುಂಬಿಕೊಡಬೇಕು, ಅಂಬಿಗನದೂ ಒಂದು ಪಾಲು, ಕಳೆದುಕೊಂಡವನದೂ ಒಂದು ಪಾಲು ಎಂಬುದು ಆ ಕಡವಿನ ಕಟ್ಟಳೆ. ಪಂಚಾಯಿತಿ ಸೇರಿದ್ದು ನಾಕಾದ ಕಟ್ಟೆಯ ಮೇಲೆ. ಕೇಳಿದವನು ಅಮೀನ್‌ಸಾಬ್.

"ಚೀಲದಾಗ ಏನಿತ್ತೋ?"

"ಬೂಸಾರೀ, ಸಾಹೇಬ್ರ."

ಉಳ್ಳಾಗಡ್ಡಿ ಮಾರುವ ತಿಮ್ಮವ್ವ ಬೂಸಾದ ಬೆಲೆಗೆ ತಕ್ಕ ಪಾಲೆಂದು ಎರಡು ಗಡ್ಡೆ ಇಟ್ಟಳು. ಮತ್ತೊಬ್ಬ ಹಿಡಿ ಹುಣಸೆಹಣ್ಣು ಇಟ್ಟ. ಅಷ್ಟರಲ್ಲಿ ಗಿಡ್ಡಪ್ಪ, ಆ ಬೂಸಾವನ್ನು ಮೂರಾಳು ಎತ್ತಿದ ಸೋಜಿಗವನ್ನು ಬಣ್ಣಿಸಿಬಿಟ್ಟ. ಅಮೀನ್‌ಸಾಬ್ ಒಳಗೆ ಹೋಗಿ ಚೀಲ ಚುಚ್ಚಿ ನೋಡುವ ಕಬ್ಬಿಣದ ಸಲಾಕಿ ಹುಡುಕತೊಡಗಿದ.

ಖಾದರಬಾಷಾ ಎದ್ದು ನಿಂತ. "ಪಾಲು ಗೀಲು ಬ್ಯಾಡ. ನಾಳಿ ಮಗಳ ಲಗ್ನದ ಅಕ್ಕಿಕಾಳು ಇಟ್ಕೊಂಡಾನ ನಮ್ಮಣ್ಣ. ನನ್ನ ಚೀಲ ಪೂರಾ ಅವಂಗ."

ಕಟ್ಟೆಯೆಲ್ಲ ಹೊಗಳಿತು. ತಿಮ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಸೇನಪ್ಪ ಕೈಮುಗಿದು, ಬೂಸಾ ಮಾರಿದರೆ ಎರಡು ಸೇರು ಬೆಲ್ಲವಾದರೂ ಬಂದೀತೆಂದು ಲೆಕ್ಕಹಾಕುತ್ತ ಚೀಲಕ್ಕೆ ಬಗ್ಗಿದ. ಅದು ಅಲುಗಲಿಲ್ಲ. ಆ ಭಾರ ಅವನಿಗೆ ಬೆಳಿಗ್ಗೆಯಿಂದ ಗೊತ್ತಿತ್ತು. ತಲೆಯೆತ್ತಿದರೆ ಖಾದರಬಾಷಾ ಸಿಂಧನೂರಿನ ದಾರಿಯಲ್ಲಿ ಇರುವೆಯಷ್ಟಾಗಿದ್ದ.

ಅಮೀನ್‌ಸಾಬನ ಸಲಾಕಿ ಚೀಲಕ್ಕೆ ಹೊಕ್ಕು ಹೊರಬಂತು. ಹಿಂದೆಯೇ ಬೆಳ್ಳಗೆ ಸುರಿಯಿತು.

"ಇದು ಯಾರದು?"

"ಹುಸೇನಪ್ಪಂದ್ರೀ" ಎಂದಿತು ಇಡೀ ಹರಗೋಲು.

ಹುಸೇನಪ್ಪ ಸಿಂಧನೂರಿನ ದಾರಿಯತ್ತ ಕೈ ಮಾಡಿದ, ಯಾರೂ ಅತ್ತ ತಿರುಗಲಿಲ್ಲ. ಮೂರಾಳು ಎತ್ತಿದ ಬೂಸಾದ ಮಾತು ಇನ್ನೂ ಕಟ್ಟೆಯ ಮೇಲೇ ಇತ್ತು.

ತಿಮ್ಮವ್ವ ತನ್ನೆರಡು ಗಡ್ಡೆ ಬುಟ್ಟಿಗೆ ಹಾಕಿಕೊಂಡಳು. ಒಬ್ಬೊಬ್ಬರೇ ಎದ್ದರು. ಲಿಂಗಸುಗೂರಿನ ಜೇಲಿಗೆ ಪಾಲು ಹಾಕಲು ಯಾರೂ ನಿಲ್ಲಲಿಲ್ಲ.