ಬೀರುವಿನೊಳಗೆ ನೆಟ್ಟಗಾದ ಬಡಗಿ

“ಸೊಟ್ಟಗಿರೋದನ್ನ ನೆಟ್ಟಗೆ ಮಾಡೋದೇ ನನ್ನ ಕಸುಬು. ಈ ಬೆನ್ನೇನು ಮಹಾ!”

ಬಡಗಿ ಹೀಗೆ ಘೋಷಿಸಿದ್ದು ಹಾಸಿಗೆಯ ಅಂಚು ಹಿಡಿದು, ಆಮೇಲೆ ಕಿಟಕಿ ಹಿಡಿದು, ಕೊನೆಗೆ ಹೆಂಡತಿಯ ಹೆಗಲು ಹಿಡಿದು ಎದ್ದು ನಿಂತ ಮೇಲೆ. ಅಷ್ಟಕ್ಕೇ ಅರ್ಧ ಗಂಟೆ ಹಿಡಿದಿತ್ತು. ದಿನವೂ ಬೆಳಿಗ್ಗೆ ಹತ್ತರವರೆಗೆ ಅವನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಓಡಾಡುತ್ತ ಓಡಾಡುತ್ತ ಸಡಿಲವಾಗಿ, ಸಂಜೆಯ ಹೊತ್ತಿಗೆ ಮನೆಯನ್ನೇ ಹೊತ್ತುಬಿಡುತ್ತೇನೆ ಎನ್ನುವ ಹುರುಪು ಬರುತ್ತಿತ್ತು.

ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಇದು ಭಾರ ಎತ್ತಿ ಬಂದ ನೋವಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಬೆನ್ನುಮೂಳೆಯ ಕೀಲುಗಳ ಮೇಲೆ ಬಿದ್ದಿದೆ, ಅಲ್ಲಿ ಉರಿಯೂತ ಎದ್ದಿದೆ. ಸುಮ್ಮನಿದ್ದಷ್ಟೂ ಬಿಗಿಯುತ್ತದೆ, ಆಡಿಸಿದಷ್ಟೂ ಸಡಿಲಗೊಳ್ಳುತ್ತದೆ. ಅಲಕ್ಷ್ಯ ಮಾಡಿದರೆ ಮೂಳೆಗೆ ಮೂಳೆ ಬೆಸೆದುಕೊಳ್ಳಲೂಬಹುದು. ಆದ್ದರಿಂದ ಮಾತ್ರೆ ಬಿಡಬೇಡಿ, ದಿನಾ ವ್ಯಾಯಾಮ ಮಾಡಿ, ತಿಂಗಳಿಗೊಮ್ಮೆ ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಂತು ತಲೆಗೂ ಗೋಡೆಗೂ ಎಷ್ಟು ಅಂತರ ಅಂತ ನೋಡಿಕೊಳ್ಳಿ ಎಂದಿದ್ದರು. ಆಸ್ಪತ್ರೆಯ ಗೋಡೆಯಲ್ಲಿ ಅಂತರ ಮೂರು ಬೆರಳಿತ್ತು.

ಇಷ್ಟು ಮಾತಿನಲ್ಲಿ ಬಡಗಿಯ ತಲೆಗೆ ಹತ್ತಿದ್ದು ಗೋಡೆಯೊಂದೇ. ತಕರಾರು ಶುರುವಾದದ್ದೂ ಅಲ್ಲಿಂದಲೇ. ಅವನ ಮನೆಯ ಗೋಡೆಗಳನ್ನು ಕಟ್ಟಿದವರು ಗಾರೆ ಮೇಸ್ತ್ರಿ, ಅಂದರೆ ಸ್ವಂತ ಮಾವ. ಮಾವನ ಗೋಡೆ ಸೊಟ್ಟ ಎಂದು ಅಳಿಯ, ಅಳಿಯನ ಬಾಗಿಲು ಸೊಟ್ಟ ಎಂದು ಮಾವ ಹನ್ನೆರಡು ವರ್ಷದಿಂದ ವಾದಿಸುತ್ತಲೇ ಇದ್ದರು.

“ನಿಮ್ಮಪ್ಪನ ಗೋಡೆಗೆ ಒರಗಿದ್ರೆ ಅಳತೆ ಸರಿ ಬರಲ್ಲ ಕಣೇ,” ಎಂದ ಬಡಗಿ.

“ಹಾಗಾದ್ರೆ ಆಕಾಶಕ್ಕೆ ಒರಗಿ,” ಎಂದಳು ಹೆಂಡತಿ.

ಅವನು ಒರಗಿದ್ದು ಬೀರುವಿಗೆ. ಗಿರಾಕಿಯೊಬ್ಬರಿಗಾಗಿ ಅವನೇ ಮಾಡಿದ ಆಳೆತ್ತರದ ಮರದ ಬೀರು, ಇನ್ನೂ ಪಾಲಿಶ್ ಕಾಣದೆ ಮುಂದಿನ ಕೋಣೆಯಲ್ಲಿ ನಿಂತಿತ್ತು. ಒಳಗೆ ಅಡ್ಡಹಲಗೆಗಳನ್ನು ಕೂರಿಸಿರಲಿಲ್ಲ. ಭೂಮಂಡಲದಲ್ಲಿ ನೆಟ್ಟಗಿರುವ ವಸ್ತು ಅದೊಂದೇ ಎಂದು ಅದನ್ನು ಮಾಡಿದವನು ನಂಬಿದ್ದ. ಬಾಗಿದ ಹಲಗೆಯನ್ನು ಬಿಗಿದು ಕಟ್ಟಿ ವಾರ ಬಿಟ್ಟರೆ ನೆಟ್ಟಗಾಗುತ್ತದೆ, ಬೆನ್ನೂ ಅಷ್ಟೇ ಎಂದು ಲೆಕ್ಕ ಹಾಕಿ ಬೀರುವಿನೊಳಗೆ ಹಿಂಬದಿಯ ಹಲಗೆಗೆ ಹಣೆಗೊಂದು, ಎದೆಗೊಂದು, ಸೊಂಟಕ್ಕೊಂದು ಬಟ್ಟೆಯ ಪಟ್ಟಿ ಹೊಡೆದ. ವ್ಯಾಯಾಮದ ಹೊತ್ತನ್ನೆಲ್ಲ ಹೆಂಡತಿಯ ಕಣ್ಣು ತಪ್ಪಿಸಿ ಒಳಗೆ ನಿಂತೇ ಕಳೆದ. ನಾಲ್ಕನೆಯ ದಿನ ಅಂತರ ಒಂದು ಬೆರಳಿಗೆ ಇಳಿಯಿತು. ವೈದ್ಯಶಾಸ್ತ್ರಕ್ಕೇ ಉಪಕಾರ ಮಾಡಿದೆನೆಂದು ಬೀಗಿದ.

ಅವನ ಅವಸರಕ್ಕೆ ಕಾರಣವಿತ್ತು. ಮಾವ ಒಂದು ಶಾಲೆ ಕಟ್ಟುತ್ತಿದ್ದರು. ಅದರ ನಲವತ್ತು ಬಾಗಿಲುಗಳನ್ನು ಯಾರಿಗೆ ಕೊಡುವುದೆಂದು ಮಾತಾಡಲು ಸೋಮವಾರ ಒಂಬತ್ತಕ್ಕೆ ಬರುತ್ತೇನೆಂದಿದ್ದರು. ಬಾಗಿದ ಬಡಗಿಯನ್ನು ಕಂಡರೆ ಕೆಲಸ ಬೇರೆಯವನ ಪಾಲಾಗುತ್ತದೆ. ಆ ನಲವತ್ತು ಬಾಗಿಲು ಹೋದರೆ ವರ್ಷವೆಲ್ಲ ಸ್ಟೂಲು, ಮಣೆ ಮಾಡಿಕೊಂಡಿರಬೇಕು ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು. ಬೆನ್ನಿನ ವಿಷಯ ಅಪ್ಪನಿಗೆ ಹೇಳಕೂಡದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ.

ಸೋಮವಾರ ಬೆಳಿಗ್ಗೆ ಏಳಕ್ಕೆ, ಹೆಂಡತಿ ಹಾಲು ತರಲು ಹೋದಾಗ, ಬೀರು ಹೊಕ್ಕು ಪಟ್ಟಿ ಬಿಗಿದುಕೊಂಡ. ದಿನವೂ ಬಾಗಿಲಿಗೆ ಅಡ್ಡ ಇಡುತ್ತಿದ್ದ ಸ್ಟೂಲು ಅವಸರದಲ್ಲಿ ಮರೆತುಹೋಗಿತ್ತು. ಬಾಗಿಲು ಮೆಲ್ಲಗೆ ತಾನಾಗಿಯೇ ಬಂದು ಟಪ್ಪೆಂದು ಮುಚ್ಚಿಕೊಂಡಿತು. ಹೊರಗಿನ ಹಿಡಿ ತಿರುಗಿಸದೆ ತೆರೆಯದಂಥ ಚಿಲಕ, ಅವನದೇ ಕೈಕೆಲಸ. ಪಟ್ಟಿ ಬಿಚ್ಚೋಣವೆಂದರೆ ಅಷ್ಟರಲ್ಲಿ ಬೆನ್ನು, ಕುತ್ತಿಗೆ, ಪಕ್ಕೆಲುಬು ಎಲ್ಲ ಒಂದೇ ತುಂಡಾಗಿದ್ದವು. ಕೊನೆಗೆ ಹೆಂಡತಿ ಬಂದ ಸದ್ದಾಗಿ, ಕೂಗೋಣವೆಂದು ಬಾಯಿ ತೆರೆದಾಗ ಅವಳ ಹಿಂದೆಯೇ ಅಂಗಳದಲ್ಲಿ ಮಾವನ ಕೆಮ್ಮು ಕೇಳಿಸಿತು. ಒಂಬತ್ತಕ್ಕೆ ಬರಬೇಕಾದವರು ಎಂಟಕ್ಕೇ ಬಂದಿದ್ದರು!

ಬಡಗಿ ಉಸಿರು ಬಿಗಿಹಿಡಿದ. ಹೆಂಡತಿ ಮನೆಯೆಲ್ಲ ಹುಡುಕಿ, ಎಲ್ಲೋ ನಡೆಯೋಕೆ ಹೋಗಿರಬೇಕು ಅಂದಳು. ನಡೆದರೆ ಒಳ್ಳೆಯದೇ ಎಂದು ಮಾವ ಬೀರುವಿನ ಎದುರಿಗೇ ಕುರ್ಚಿ ಎಳೆದುಕೊಂಡು ಕುಳಿತರು. ಕಾಲು ಗಂಟೆ ಕಳೆಯಿತು. ಒಳಗೆ ಮರದ ಹೊಟ್ಟು ಮೂಗಿಗೆ ಹತ್ತಿತು. ತಡೆದ, ತಡೆದ, ಕೊನೆಗೆ ಸೀನಿದ. ಪಕ್ಕೆಲುಬುಗಳಲ್ಲಿ ಮಿಂಚು ಹೊಡೆದು “ಅಮ್ಮಾ” ಎಂದೂ ಕೂಗಿದ.

“ಮಗಳೇ,” ಮಾವ ಏಳದೆಯೇ ಹೇಳಿದರು, “ನಿನ್ನ ಬೀರುಗೆ ನೆಗಡಿ.”

ಬಾಗಿಲು ತೆರೆದರೆ ಅಳಿಯ ಮೂರು ಪಟ್ಟಿ ಬಿಗಿದುಕೊಂಡು, ಕಣ್ಣು ಮಾತ್ರ ಹೊರಳಿಸುತ್ತ ನಿಂತಿದ್ದ. ಅಪ್ಪ ಮಗಳು ಸೇರಿ ಅವನನ್ನು ಹಲಗೆಯಂತೆ ಹೊರಗೆ ತಂದು, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಅಂಗಳದಲ್ಲಿ ನಡೆಸಿದರು. ಇಪ್ಪತ್ತನೇ ಸುತ್ತಿನಲ್ಲಿ ಸೊಂಟ ತಿರುಗಿತು, ಮೂವತ್ತನೆಯದರಲ್ಲಿ ಕುತ್ತಿಗೆ. ನಾಲ್ಕು ದಿನ ನಿಂತು ಸಾಧಿಸಲಾಗದ್ದನ್ನು ಅರ್ಧ ಗಂಟೆಯ ನಡಿಗೆ ಸಾಧಿಸಿದ್ದು ಕಂಡು ಬಡಗಿಗೆ ನಾಚಿಕೆಯಾಯಿತು.

ಆದರೂ ಒಂದು ಬೆರಳಿಗೆ ಇಳಿದ ಅಂತರವನ್ನು ಹೇಳದಿರಲಾಗಲಿಲ್ಲ. ಮಾವ ಚೀಲದಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ತೆಗೆದು ಬೀರುವಿನ ಪಕ್ಕಕ್ಕೆ ಇಳಿಬಿಟ್ಟರು. ಬೀರು ಮೂರು ಬೆರಳು ಹಿಂದಕ್ಕೆ ವಾಲಿತ್ತು. ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿ ಎಂದು ಮುಂಗಾಲುಗಳ ಕೆಳಗೆ ಬೆಣೆ ಕೊಟ್ಟವನು ತಾನೇ ಎಂಬುದು ಬಡಗಿಗೆ ಆಗ ನೆನಪಾಯಿತು. ಬೀರುವಿನ ಜೊತೆ ಅವನೂ ವಾಲಿದ್ದ, ತಲೆ ತನ್ನ ಭಾರಕ್ಕೆ ಹಿಂದಕ್ಕೆ ಬಿದ್ದು ಅಂತರ ಇಳಿದಿತ್ತು, ಅಷ್ಟೇ.

“ಮಾವ, ನನ್ನ ಬೆನ್ನು...” ಎಂದು ತಡವರಿಸಿದ.

“ಗೊತ್ತು. ಡಾಕ್ಟರ ಹತ್ರ ಹೋದ ದಿನವೇ ಮಗಳು ಹೇಳಿದಳು. ನೀವು ಮಾತು ತಗೊಂಡಿದ್ದು ಮಾರನೇ ದಿನ ಅಲ್ವಾ? ನೀವು ಬೆಳಿಗ್ಗೆ ಹೆಂಗೆ ಏಳ್ತೀರಿ ನೋಡೋಣ ಅಂತಲೇ ಬೇಗ ಬಂದೆ. ಕೆಲಸ ಹತ್ತಕ್ಕೆ ಶುರು ಮಾಡಿ, ಗಂಟೆಗೊಂದು ಸಲ ಎದ್ದು ಓಡಾಡಿ. ಭಾರ ಎತ್ತೋಕೆ ನನ್ನ ಆಳುಗಳಿದ್ದಾರೆ.”

ಬಡಗಿ ಸೊಂಟ ಹಿಡಿದುಕೊಂಡೇ ಮಾವನ ಕಡೆ ತಿರುಗಿದ. “ಹಾಗಾದ್ರೆ ಬಾಗಿಲು?”

“ನಲವತ್ತೂ ನಿಮ್ಮವೇ, ಅಳಿಯಂದಿರೇ.” ಮಾವ ದಾರ ಸುತ್ತಿಕೊಳ್ಳುತ್ತ ಹೊರಟರು. “ಒಂದೇ ಮಾತು. ಓದೋ ಮಕ್ಕಳಿರೋ ಜಾಗ ಅದು. ಪ್ರತಿಯೊಂದಕ್ಕೂ ಒಳಗಡೆಯಿಂದಲೂ ಒಂದು ಹಿಡಿ ಇಡಿ.”